ತಿಳಿಯಬಾರದ ಊರು

ಜಯಕ್ಕ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟಾಗಲೇ ಲಕ್ಷ್ಮಿಕಾಂತ್‌ಗೆ ಅನುಮಾನ ಬಂತು. ಇಸ್ತ್ರಿ ಹಾಕಿದ ಶರ್ಟು, ಪಕ್ಕದಲ್ಲಿ ಹಿರಿಯಕ್ಕನ ಹಾಗೆ ಕುಳಿತಿದ್ದ ಇನ್‌ಸ್ಪೆಕ್ಟರ್ ಸುಷಮಾ. ಚಿಪ್ಪಗಿರಿಯ ಆ ಮನೆಯಲ್ಲಿ ಅವನನ್ನು ಹೆಣ್ಣು ನೋಡಲು ಬಂದ ಗಂಡು ಎಂದುಕೊಂಡಿದ್ದರು.

“ಏನ್ ಕೆಲಸ ಮಾಡ್ತೀಯಪ್ಪ?”

“ಪೊಲೀಸ್ ರೀ, ಎಸ್‌ಐ. ಕರ್ನೂಲಿನ ಸ್ಪೆಷಲ್ ಟೀಮು. ನಿಮ್ಮ ಮಗಳನ್ನ ಒಂದು ಮಾತು ಕೇಳೋದೈತಿ.”

ಬಾಗಿಲ ಮರೆಯಲ್ಲಿ ಯಾರೋ ನಕ್ಕರು. ನಾಗಜ್ಯೋತಿ ಹೊರಬಂದಾಗ ಆ ನಗು ಇನ್ನೂ ಕಣ್ಣಲ್ಲಿತ್ತು. ಹುಲುಗಮ್ಮನ ಹೆಸರು ಕೇಳಿದ್ದೇ ಆರಿಹೋಯಿತು.

ಹುಲುಗಮ್ಮ ಅವಳ ಹೊಲಿಗೆ ಕ್ಲಾಸಿನ ಹುಡುಗಿ. ಮುಂಬೈಯಲ್ಲಿ ಕೆಲಸ ಕೊಡಿಸುತ್ತೇನೆಂದು ಒಬ್ಬ ಅವಳನ್ನೂ ಇನ್ನಿಬ್ಬರನ್ನೂ ಆದವಾನಿಯಲ್ಲಿ ರೈಲು ಹತ್ತಿಸಿದ್ದ. ಕಳಿಸಿಕೊಡಲು ಹೋಗಿದ್ದ ನಾಗಜ್ಯೋತಿ ಅವನ ಮುಖ ನೋಡಿದ್ದಳು. ಹುಡುಗಿಯರನ್ನು ಮಾರುವ ಆ ಜಾಲ ಮೂರು ರಾಜ್ಯಗಳಲ್ಲಿ ಹರಡಿತ್ತು. ಅದರ ಬೆನ್ನುಹತ್ತಿದ್ದ ತಂಡಕ್ಕೆ ಸಿಕ್ಕ ಸಾಕ್ಷಿ ಇವಳೊಬ್ಬಳೇ.

“ನಾ ಕೋರ್ಟಿನ್ಯಾಗ ಹೇಳಿದ್ರ ಆಕಿ ವಾಪಸ್ ಬರ್ತಾಳೇನ್ರಿ?”

“ಗೊತ್ತಿಲ್ಲರಿ. ಇನ್ನೊಬ್ಬಾಕಿ ಹೋಗೋದು ತಪ್ಪತೈತಿ.”

ಅವನು ಸುಳ್ಳು ಹೇಳಲಿಲ್ಲವೆಂದೇ ಅವಳು ಒಪ್ಪಿದಳು.

ಕೇಸು ಕೋರ್ಟಿಗೆ ಬರುವತನಕ ನಾಲ್ಕು ತಿಂಗಳು ತಾಯಿ ಮಗಳು ಯಾರಿಗೂ ತಿಳಿಯದಂತೆ ಆದವಾನಿಯ ಒಂದು ಬಾಡಿಗೆ ಮನೆಯಲ್ಲಿದ್ದರು. ಕಾವಲು ಅವನದು. ಬೇಸರಕ್ಕೆ ಅವಳು ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಟೇಪು ಹಿಡಿದು ಎದುರು ನಿಂತಳು.

“ಆ ಶರ್ಟು ನಿಮ್ಮದಾ, ನಿಮ್ಮಣ್ಣಂದಾ? ನಿಲ್ರಿ, ಒಂದು ಹೊಲಿದು ಕೊಡ್ತೀನಿ.”

ಟೇಪು ಎದೆ ಸುತ್ತಿ ಬಂತು. ಅವಳ ಬೆರಳು ಗುಂಡಿಯ ಹತ್ತಿರ ಬಂದು ನಿಂತಿತು.

“ಉಸಿರು ಬಿಡ್ರಿ ಸಾರ್, ಅಳತಿ ತಪ್ಪತೈತಿ.”

ಅವನು ಬಿಡಲಿಲ್ಲ. ಅವಳು ಅಳತೆ ಬರೆದುಕೊಳ್ಳದೆ ಒಳಗೆ ಹೋದಳು. ಅಂದಿನಿಂದ ಇಬ್ಬರಿಗೂ ಗೊತ್ತಿತ್ತು. ಕೇಸು ಮುಗಿಯಲಿ ಎಂದು ಇಬ್ಬರೂ ಸುಮ್ಮನಿದ್ದರು.

ಕೋರ್ಟಿನಲ್ಲಿ ಅವಳು, ರೈಲು ಹತ್ತಿಸಿದ್ದವನನ್ನು ನಡುಗದೆ ಬೆರಳು ಮಾಡಿ ತೋರಿಸಿದಳು. ಅದೇ ವಾರ ಚಿಪ್ಪಗಿರಿಯ ಮನೆಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದವರಲ್ಲಿ ಸಿಕ್ಕಿಬಿದ್ದ ಒಬ್ಬನ ಫೋನಿನಲ್ಲಿ ಲಕ್ಷ್ಮಿಕಾಂತನ ಫೋಟೋಗಳಿದ್ದವು. ಅವನ ಬೈಕು, ಅವನು ಟೀ ಕುಡಿಯುವ ಅಂಗಡಿ, ದೇವನಕೊಂಡದ ಅವನ ಮನೆ. ಅವಳನ್ನು ಹುಡುಕಲು ಜಾಲದವರು ಇವನ ಹಿಂದೆ ಬಿದ್ದಿದ್ದರು.

“ಆಕಿನ್ನ ಬ್ಯಾರೆ ಊರಿಗೆ ಕಳಸ್ತೀವಿ,” ಎಂದರು ಸುಷಮಾ. “ಎಲ್ಲಿಗಂತ ನಿಂಗ ಗೊತ್ತಾಗಬಾರ್ದು.”

“ನೌಕರಿ ಬಿಡ್ತೀನಿ ಮೇಡಂ.”

“ಬಿಟ್ರ ನಿನ್ನ ಮುಖ ಬದಲಾಗತೈತೇನಪ್ಪ? ನೀ ಹೋದಲ್ಲಿ ಅವರೂ ಬರ್ತಾರ.”



ಮರುದಿನ ಬೆಳಿಗ್ಗೆ ಬೈಪಾಸ್ ಕೂಡುರಸ್ತೆಯಲ್ಲಿ ಕಾರು ಬದಲಾಯಿಸಿದರು. ಜಯಕ್ಕ ಒಳಗೆ ಕುಳಿತಾಗಿತ್ತು. ನಾಗಜ್ಯೋತಿ ಬಾಗಿಲು ಹಿಡಿದು ನಿಂತಳು.

“ಊರು ಗೊತ್ತಾದ್ರ ಬರ್ತೀರಿ, ಹೌದಿಲ್ಲೋ?”

“ಅವತ್ತೇ ಬರ್ತೀನಿ. ನೀನಂದ್ರ ನಂಗ ಜೀವ, ಜ್ಯೋತಿ. ನಾನೇ ನಿನ್ನ ಕೋರ್ಟಿಗೆ ಕರ್ಕೊಂಡು ಬಂದು ಇದಕ್ಕೆಲ್ಲ ಸಿಗಿಸಿದೆ.”

“ನೀವು ಕರದದ್ದಕ್ಕ ಬರಲಿಲ್ಲ, ಹುಲುಗಮ್ಮನ ಸಲುವಾಗಿ ಬಂದೆ. ನಿಮ್ಮನ್ನ ಮೆಚ್ಚಿದ್ದು ಆಮ್ಯಾಲೆ.” ಅವಳು ಅವನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದಳು. “ಆ ಕಡೆ ನೋಡ್ರಿ. ನಾ ಹೋಗೂತನಕ ತಿರಗಬ್ಯಾಡ್ರಿ.”

ಅವನು ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಮುಖ ಮಾಡಿ ನಿಂತ. ಕಾರು ಹೊರಟಿತು. ಬೇಡವೆಂದುಕೊಂಡರೂ ಕಿವಿಗೊಟ್ಟ. ಎಡಕ್ಕೋ, ಬಲಕ್ಕೋ? ಅಷ್ಟರಲ್ಲಿ ಹತ್ತಿ ತುಂಬಿದ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆಯುತ್ತಾ ಹಾದುಹೋಯಿತು.

ಅವನು ತಿರುಗಿದಾಗ ಎರಡೂ ರಸ್ತೆಗಳು ಖಾಲಿಯಿದ್ದವು.