ಡಾಬಿನ್ ಮುಖ ಒಡೆದವರಾರು?

ಸೋಮವಾರ ಬೆಳಿಗ್ಗೆ ಕ್ರಾಯ್ಡನ್ನಿನ ನಮ್ಮ ಸ್ಟುಡಿಯೋದಲ್ಲಿ ದೀಪ ಹಾಕಿದಾಗ ಡಾಬಿನ್ ತನ್ನ ಶೆಡ್ಡಿನಲ್ಲೇ ನಿಂತಿದ್ದ. ಮೂಗಿನಿಂದ ಗಲ್ಲದವರೆಗೆ ಮುಖ ಸೀಳಿತ್ತು. ಡಾಬಿನ್ ಅಂದರೆ ಗೇಣುದ್ದದ ಮಾದರಿ ರೈಲು ಎಂಜಿನ್ನು. ನಮ್ಮ ಮಕ್ಕಳ ಧಾರಾವಾಹಿಯ ನಾಯಕ.

"ಯಾರ ಕೆಲಸ ಇದು?" ನಿರ್ದೇಶಕ ಕ್ಲೈವ್ ಕಿರುಚಿದ.

ಎಲ್ಲರ ಕಣ್ಣೂ ಹೊರೇಸ್ ಅವರತ್ತ ಹೊರಳಿದವು. ಎಂಜಿನ್ನುಗಳಿಗೆ ಅಂಟಿಸುವ ಮುಖಗಳನ್ನು ತಯಾರಿಸುವ ಮುದುಕ. ಶುಕ್ರವಾರ ಬೀಗ ಹಾಕಿದವರೂ ಅವರೇ.

"ನಾನೇ ಬೀಳಿಸಿರಬಹುದು," ಎಂದರು. "ನೆನಪಾಗ್ತಿಲ್ಲ..."

"ನೆನಪಿಲ್ವಾ? ಹಾಗಾದ್ರೆ ಇವತ್ತೇ ಸಾಮಾನು ಕಟ್ಕೊಂಡು ಹೊರಡಿ!"

ನಾನು ಹಳಿ ಒರೆಸಿ ನೋಡಿಕೊಳ್ಳುವವನು. ಹದಿನೈದು ವರ್ಷ ಹೊರೇಸ್ ಜೊತೆ ಪಬ್ಬಿಗೆ ಹೋದವನು. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಡೊರೀನ್ ಮಾತ್ರ ಬಿಡಲಿಲ್ಲ. ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ ತಪ್ಪದಂತೆ ಫೋಟೋ ತೆಗೆದಿಡುವುದು ಅವಳ ಕೆಲಸ. "ಬಾ ರೆಗ್, ಜೊತೆಗಿರು," ಎಂದಳು. ಹೋದೆ — ಒಲ್ಲೆನೆಂದರೆ ಅನುಮಾನ ಬರುತ್ತಿತ್ತು.

"ಕ್ಲೈವ್, ನೀವು ಮುಟ್ಟಿದ್ರಾ?"

"ನಾನಾ? ಅದರ ಹಿಂದುಮುಂದೇ ನಂಗೊತ್ತಿಲ್ಲ!"

"ಹೊರೇಸ್, ನೀವು?"

"ಟೀ ಕುಡಿದು ಬಂದು ಬೀಗ ಹಾಕಿದೆ... ಅಷ್ಟೇ ಅನ್ಸುತ್ತೆ."

ನನ್ನನ್ನು ಏನೂ ಕೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಹಿಂಡಿತು.

ಮಧ್ಯಾಹ್ನ ಎಲ್ಲರನ್ನೂ ಕರೆದಳು.

"ಇದು ಶುಕ್ರವಾರದ ಕೊನೇ ಶಾಟಿನ ಫೋಟೋ. ಹೊಗೆ ಬಿಟ್ಟಿದ್ವಿ, ಅದರ ಎಣ್ಣೆ ಹತ್ತಿ ಚಕ್ರ ಕಪ್ಪಗಿದೆ. ಈಗ ನೋಡಿ!"

ಡಾಬಿನ್‌ನನ್ನು ತಿರುಗಿಸಿದಳು. ಚಕ್ರಗಳು ಫಳಫಳ ಹೊಳೆಯುತ್ತಿದ್ದವು.

"ಒರೆಸಿದ್ದು ಯಾವಾಗ?" ಕ್ಲೈವ್ ಕೇಳಿದ.

"ಮುಖ ಒಡೆದ ಮೇಲೆ. ಕಸದ ಬುಟ್ಟಿಲಿ ಸಿಕ್ಕ ಒರೆಸೋ ಬಟ್ಟೆಯಲ್ಲಿ ಎಣ್ಣೆ ಜೊತೆ ಮುಖದ ಬೂದು ಚಕ್ಕೆಗಳಿವೆ. ಒಡೆದವನು ಹೆದರಿದ್ದ, ಓಡಬೇಕಿತ್ತು. ಆದ್ರೂ ಕೊಳೆ ಚಕ್ರವನ್ನ ಹಳಿ ಮೇಲಿಡೋಕೆ ಅವನ ಕೈ ಒಪ್ಪಲಿಲ್ಲ. ನಮ್ಮಲ್ಲಿ ಅಂಥ ಕೈ ಒಂದೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ — ಅಲ್ವಾ ರೆಗ್?"

"ಹೌದು," ಎಂದೆ. "ಹೊರೇಸ್ ಟೀಗೆ ಹೋಗಿದ್ದಾಗ ಒಂದೇ ಕೈಯಲ್ಲಿ ಎತ್ತಿದೆ. ಜಾರಿತು."

ಹೊರೇಸ್ ಎದ್ದು ಬಂದರು. ಬೈಗುಳಕ್ಕೆ ತಲೆ ತಗ್ಗಿಸಿದೆ.

"ನಾನಲ್ವಾ? ಅಬ್ಬಾ, ಸದ್ಯ! ನಂಗೆ ಮರೆವಿನ ಕಾಯಿಲೆ ಶುರುವಾಯ್ತು ಅಂತ ಈಗಷ್ಟೇ ಫೋನ್ ಮಾಡಿ ಹೆಂಡತೀನ ಅಳಿಸಿಬಿಟ್ಟೆ ಮಾರಾಯ. ತಡಿ, ಹೇಳಿ ಬರ್ತೀನಿ."

ನನ್ನ ಭುಜ ತಟ್ಟಿ, ನಗುತ್ತಾ ಫೋನಿನತ್ತ ಓಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.