ಬಾಗಿಲ ಬಳಿಯ ಬ್ಯಾಗು

ನರ್ಸ್ ರೋಸಲಿನ್ ಬಾಯಿಯ ಹಿಂದೆ ಬೃಂದಾ ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಬಾಗಿಲ ಪಕ್ಕದ ಬ್ಯಾಗು. ಒಂಬತ್ತು ವರ್ಷದ ನಶ್ರಾಳ ಬಟ್ಟೆಬರೆಯೆಲ್ಲ ಅದರಲ್ಲಿ ತುಂಬಿ ಜಿಪ್ ಎಳೆದಾಗಿತ್ತು.

"ಇವತ್ತೇ ಕರ್ಕೊಂಡು ಹೋಗಿ ಸಿಸ್ಟರ್," ಎಂದಳು ಫರ್ಸಾನಾ. ಅವಳ ಮಡಿಲಲ್ಲಿ ಹಸುಗೂಸು ಉಮರ್ ನಿದ್ದೆ ಹೋಗಿದ್ದ. ಎರಡೂ ಪಾದಗಳಿಗೆ ಬ್ಯಾಂಡೇಜು. "ಪಾಪ ಅಂತ ಇಟ್ಕೊಂಡದ್ದಕ್ಕೆ ನನ್ನ ಮಗುವಿನ ಕಾಲು ಸುಟ್ಟಳು."

ನಶ್ರಾ ಕುವೈತಿನಲ್ಲೇ ಹುಟ್ಟಿ ಬೆಳೆದವಳು. ತಾಯಿ ತೀರಿಕೊಂಡ ಮೇಲೆ ಊರಿನಲ್ಲೂ ಕೇಳುವವರಿಲ್ಲವೆಂದು ಅಲ್ಲಿನ ಕನ್ನಡ ಸಂಘದವರು ಅವಳನ್ನು ಫರ್ವಾನಿಯಾದ ಈ ಮನೆಗೆ ಒಪ್ಪಿಸಿದ್ದರು. ಹೀಗೆ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ಪರವಾಗಿ ಮಾತನಾಡಲು ತಾವಾಗಿ ಮುಂದೆ ಬಂದವರು ರೋಸಲಿನ್ ಬಾಯಿ. ಎಷ್ಟೋ ಮನೆಗಳ ಬಿಡಿಸಲಾಗದ ಗಂಟುಗಳನ್ನು ಅವರು ಬಿಡಿಸಿದ್ದರು. ಅವರ ಕಾರು ಓಡಿಸುವವಳು ಬೃಂದಾ. ಗಂಡ ಶುಐಬಾದ ಕೆಲಸಕ್ಕೆ ಹೊರಟು, ಮಕ್ಕಳು ಫೋನಿನೊಳಗೆ ಮುಳುಗಿದ ಮೇಲೆ ಏಸಿಯ ಸದ್ದೊಂದೇ ಉಳಿಯುವ ಮನೆಯಿಂದ ಹೊರಬೀಳಲು ಆಕೆಗೂ ಒಂದು ನೆಪ ಬೇಕಿತ್ತು.

"ನಡೆದದ್ದು ಎಂತ?" ರೋಸಲಿನ್ ಕೇಳಿದರು.

"ಮಧ್ಯಾಹ್ನ ಮೀನು ಕಾಯಿಸ್ತಿದ್ದೆ. ನಿಯಾಝ್ ಅಂಗಡಿಯಲ್ಲಿ, ಮಾಮಿ ರೂಮಲ್ಲಿ ನಮಾಜಿಗೆ. ಮಗು ಕಿರುಚಿತು. ಓಡಿ ಬಂದ್ರೆ ಇವಳು ಬಾತ್ರೂಮಲ್ಲಿ ಮಗುವನ್ನು ಟವೆಲಿನಲ್ಲಿ ಹಿಡ್ಕೊಂಡು ನಿಂತಿದ್ದಾಳೆ. ಬಕೆಟಿನಲ್ಲಿ ಹಬೆ! 'ನೀರು ನಾನೇ ಹಾಕಿದ್ದು' ಅಂತ ಅವಳೇ ಹೇಳಿದಳು."

ಫರ್ಸಾನಾಳ ಗಂಡ ನಿಯಾಝನ ತಾಯಿ ಆಮಿನಮ್ಮ ಮೊನ್ನೆಯಷ್ಟೇ ಬಂಟ್ವಾಳದಿಂದ ಬಂದವರು. ಮೊದಲ ಸಲ ವಿಮಾನ ಹತ್ತಿದ್ದು. ಈಗ ಸೋಫಾದ ತುದಿಯಲ್ಲಿ ಕುಳಿತು, ನಿಲುವಂಗಿಯನ್ನು ಕಾಲಿಗೆ ತಾಗದಂತೆ ಬೆರಳಲ್ಲಿ ಎತ್ತಿ ಹಿಡಿದಿದ್ದರು.

ರೋಸಲಿನ್ ಉಮರನ ಕಿವಿಯ ಹಿಂದೆ ಬೆರಳಾಡಿಸಿ ಮೂಸಿದರು. "ಎಣ್ಣೆ ಹಚ್ಚಿದ್ದು ನೀನಾ?"

"ಇಲ್ಲಪ್ಪ! ಡಾಕ್ಟ್ರು ಬೇಡ ಅಂದಿದ್ದಾರೆ. ಮಾಮಿಗೂ ಹೇಳಿದ್ದೇನೆ."

ಬಾತ್ರೂಮಿನಲ್ಲಿ ಬಕೆಟು, ಚೊಂಬು, ಗೋಡೆಗೆ ಒತ್ತಿದ ಗಿಡ್ಡ ಸ್ಟೂಲು. "ಬಾ ಮಗಾ, ಅತ್ತು ಅತ್ತು ಮುಖ ನೋಡು ಹೇಗಾಗಿದೆ. ತೊಳೆದುಕೋ," ಎಂದರು ರೋಸಲಿನ್. ನಶ್ರಾ ನೋಡದೆಯೇ ಕೆಂಪು ಗುರುತಿನ ನಲ್ಲಿ ತಿರುಗಿಸಿ ಮುಖ ತೊಳೆದಳು. ಬೃಂದಾಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ; ಅವಳ ಮನೆಯಲ್ಲೂ ಹಾಗೆಯೇ.

"ಬಕೆಟಿಗೆ ಯಾವ ನಲ್ಲಿಯಿಂದ ನೀರು ಹಿಡಿದೆ?"

ನಶ್ರಾ ಸ್ವಲ್ಪ ಯೋಚಿಸಿದಳು. "ಕೆಂಪು, ಆಂಟಿ. ಬಿಸಿನೀರು ಅದರಲ್ಲೇ ಅಲ್ವಾ."

ನಿಯಾಝ್ ಅಂಗಡಿಯಿಂದ ಬಂದ ಮೇಲೆ ರೋಸಲಿನ್ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದರು.

"ಗೀಸರ್ ಯಾವಾಗ ಹಾಕಿದ್ದು ನಿಯಾಝ್?"

"ಈ ಆಗಸ್ಟಲ್ಲಿ ಗೀಸರಾ ಸಿಸ್ಟರ್? ಬೇಸಿಗೆ ಶುರುವಾದಾಗಲೇ ಆಫ್."

"ಹೌದಲ್ಲ. ತಾರಸಿಯ ಟ್ಯಾಂಕು ಕಾದು ನೀಲಿ ನಲ್ಲಿಯಲ್ಲಿ ಕುದಿನೀರು ಬರ್ತದೆ. ಆಫ್ ಮಾಡಿದ ಗೀಸರ್ ಒಳಗೆ ಏಸಿಯ ತಂಪಿನಲ್ಲಿ ಉಂಟು, ಹಾಗಾಗಿ ಬೇಸಿಗೆಯಲ್ಲಿ ತಣ್ಣೀರು ಕೆಂಪು ನಲ್ಲಿಯಲ್ಲಿ. ಇಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಶ್ರಾ ನನ್ನ ಮುಂದೆಯೇ ಕೆಂಪು ನಲ್ಲಿಯಲ್ಲಿ ಮುಖ ತೊಳೆದಳು, ಮರುಗಳಿಗೆಗೆ ಅದರಲ್ಲೇ ಬಿಸಿನೀರು ಹಿಡಿದೆ ಅಂದಳು. ಅಂದ್ರೆ ಸುಳ್ಳು ಹೇಳ್ತಿದ್ದಾಳೆ."

"ನಾನೂ ಅದನ್ನೇ ಹೇಳುವುದು!" ಫರ್ಸಾನಾ ಗದರಿದಳು. "ನೀಲಿ ಸುಡ್ತದೆ ಅಂತ ಗೊತ್ತಿದ್ದೇ ಮಾಡಿದ್ದಾಳೆ."

"ಸುಡಬೇಕು ಅಂತಿದ್ದವಳು ಮೊದಲು ಮೈತುಂಬ ಎಣ್ಣೆ ಹಚ್ಚಿ ತಿಕ್ಕುತ್ತಾಳಾ ಫರ್ಸಾನಾ? ಗಿಡ್ಡ ಸ್ಟೂಲಿನಲ್ಲಿ ಕೂತು, ಕಾಲು ನೀಡಿ, ಕಾಲ ಮೇಲೆ ಮಗುವನ್ನು ಮಲಗಿಸಿ ಮೀಯಿಸುವುದು ಊರಿನ ಕ್ರಮ. ಮೊದಲ ಚೊಂಬು ಪಾದಕ್ಕೆ. ಅದಕ್ಕೇ ಪಾದ ಮಾತ್ರ ಸುಟ್ಟದ್ದು. ನಶ್ರಾಳ ಕಾಲು ನೋಡಿ, ಒಂದು ಕಲೆ ಇಲ್ಲ. ಮಗುವಿನ ಪಾದ ಸುಟ್ಟ ನೀರು ಕೆಳಗಿದ್ದ ಕಾಲನ್ನು ಬಿಟ್ಟೀತಾ?"

ಎಲ್ಲರ ಕಣ್ಣೂ ಆಮಿನಮ್ಮನ ಬೆರಳುಗಳತ್ತ ಹೊರಳಿತು. ಅವರು ನಿಧಾನವಾಗಿ ನಿಲುವಂಗಿ ಸರಿಸಿದರು. ಮೊಣಕಾಲ ಕೆಳಗೆಲ್ಲ ಕೆಂಪಗೆ ಬೊಬ್ಬೆ ಎದ್ದಿತ್ತು.

"ಕೈಯಿಟ್ಟು ನೋಡಿದ್ದೆ ಮಗಾ," ಎಂದರು ಮಗನಿಗೆ. "ನೀಲಿ ನಲ್ಲಿ ತಿರುಗಿಸಿದಾಗ ತಣ್ಣಗಿತ್ತು."

"ಪೈಪಿನಲ್ಲಿ ನಿಂತ ನೀರು ಅದು ಆಮಿನಮ್ಮ. ಟ್ಯಾಂಕಿನದು ಆಮೇಲೆ ಬರುವುದು."

"ಹೇಳಬೇಕೂಂತಲೇ ಕೂತಿದ್ದೆ. ನಾಲಿಗೆ ಏಳಲಿಲ್ಲ. ಈ ಮನೆಯಲ್ಲಿ ಇನ್ನು ಮಗುವನ್ನು ಮುಟ್ಟಲಿಕ್ಕೂ ಬಿಡುವುದಿಲ್ಲ ಅನಿಸಿತು."

ಫರ್ಸಾನಾ ನಶ್ರಾಳನ್ನೇ ನೋಡಿದಳು. "ನೀನ್ಯಾಕೆ ಒಪ್ಪಿಕೊಂಡೆ?"

"ಅಜ್ಜಿ ರೂಮಿಗೆ ಹೋಗಿ ಅಳ್ತಿದ್ರು," ಎಂದಳು ನಶ್ರಾ, ನೆಲ ನೋಡುತ್ತ. "ಅವರು ಬಂದ ದಿನವೇ ನನಗೆ ತಲೆ ಬಾಚಿದ್ರು. ನಾನು ಹೇಗೂ ಇನ್ನೊಂದು ಮನೆಗೆ ಹೋಗೋಳಲ್ವಾ, ಇಟ್ಸ್ ಓಕೆ ಅಂತ..."

ಬೃಂದಾ ಕಿಟಕಿಯ ಕಡೆ ತಿರುಗಿಕೊಂಡಳು.

ಫರ್ಸಾನಾ ಮಗುವನ್ನು ಅತ್ತೆಯ ಮಡಿಲಿಗಿಟ್ಟು, ಬಾಗಿಲ ಬಳಿಯ ಬ್ಯಾಗನ್ನು ಎತ್ತಿ ಒಳಗೆ ತಂದು ಮಂಚದ ಮೇಲಿಟ್ಟಳು. ನಶ್ರಾ ಹಿಂದೆಯೇ ಬಂದಳು. ಜಿಪ್ ತೆಗೆದು, ಕೈಯಾಡಿಸಿ, ಒಂದು ಬಾಚಣಿಗೆಯನ್ನಷ್ಟೇ ಹೊರಗೆ ತೆಗೆದಳು. ಮತ್ತೆ ಜಿಪ್ ಎಳೆದಳು.

ಕೆಳಗಿಳಿದಾಗ ಕಾರಿನ ಹಿಡಿ ಮುಟ್ಟಲಾಗದಷ್ಟು ಕಾದಿತ್ತು. ದುಪಟ್ಟಾದ ತುದಿಯಿಂದ ಬಾಗಿಲು ತೆರೆಯುತ್ತ ಬೃಂದಾ, "ಮುಗಿಯಿತಲ್ಲ ರೋಸಲಿನ್ ಬಾಯಿ?" ಎಂದಳು.

"ಎಲ್ಲಿ ಮುಗಿಯಿತು ಮಾರಾಯ್ತಿ," ಎಂದರು ಅವರು, ಮೇಲಿನ ಕಿಟಕಿಯತ್ತ ನೋಡುತ್ತ. "ಆ ಬ್ಯಾಗು ಖಾಲಿಯಾಗುವವರೆಗೂ ಬರ್ತಾ ಇರಬೇಕು."