ಸೌಜನ್ಯದ ಅಂಕ

ರಾತ್ರಿ ಬಹಳ ಹೊತ್ತಾಗಿತ್ತು. ಮಂಗಳೂರಿನ ಕ್ರೀಡಾಗಣನ ಕೇಂದ್ರದಲ್ಲಿ ಪಾದಮಾಪಕದ ಯಂತ್ರವು ‘ಟಿಕ್’ ಎಂದು ಸಣ್ಣಗೆ ಸದ್ದು ಮಾಡಿತು. ಯಾರೋ ಒಬ್ಬ ಆಟಗಾರನ ಅಂಕ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದೆ ಎಂದು ಅದರ ಅರ್ಥ. ವಿಜ್ಞಾನಿ ಡಾ. ಶರ್ಮಿಳಾ ಬಾಳಿಗ ಪರದೆಯತ್ತ ನೋಡಿದರು. ಕರಾವಳಿ ತಂಡದ ರಕ್ಷಣಾ ಆಟಗಾರ ಮೆಲ್ವಿನ್ ಕುವೆಲ್ಲೊ.

ಪಾದಮಾಪಕವನ್ನು ರೂಪಿಸಿದವರು ಶರ್ಮಿಳಾ ಅವರೇ. ಕಾಲುಚೀಲದಲ್ಲಿ ಹೊಲಿದ ತೆಳುಪಟ್ಟಿಯೊಂದು ಆಟಗಾರನ ಪ್ರತಿ ಚಲನೆಯನ್ನು ಗ್ರಹಿಸಿ, ಅದರಿಂದ ತಂಡಕ್ಕಾದ ಲಾಭನಷ್ಟವನ್ನು ಅಂಕವಾಗಿ ಪರಿವರ್ತಿಸುತ್ತದೆ. ಫುಟ್‌ಬಾಲ್ ಸಂಘದವರು ಆಟ ನೋಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಋತುವಿನ ಕೊನೆಗೆ ಅಂಕ ಕಡಿಮೆಯಿದ್ದವನನ್ನು ಕೈಬಿಡುತ್ತಿದ್ದರು, ಅಷ್ಟೆ.

ಬೆಳಿಗ್ಗೆ ತಂಡದ ಕೋಚ್ ಲೋಕಯ್ಯ ಸುವರ್ಣ ಬಂದರು.

“ನಮ್ಮ ಮೆಲ್ವಿನ್ ಎಂತ ಪಾಪ ಮಾಡಿದ್ದು ಮೇಡಂ?”

“ಚೆಂಡು ತನ್ನ ಕಾಲಲ್ಲೇ ಇರುವಾಗ ಬೇಕೆಂದೇ ಗೆರೆಯಾಚೆ ಹೊಡೆದಿದ್ದಾರೆ, ಅದೂ ಪದೇ ಪದೇ. ಯಂತ್ರಕ್ಕೆ ಅದು ನಷ್ಟ.”

“ಪ್ರತಿ ಸಲವೂ ಎದುರಿನವ ಒಬ್ಬ ಪೆಟ್ಟಾಗಿ ಬಿದ್ದಿದ್ದ ಮಾರಾಯ್ರೆ. ಅವನನ್ನು ದಾಟಿ ಆಡ್ಲಿಕ್ಕೆ ಆಗ್ತದಾ? ನಾವು ಚೆಂಡು ಹೊರಗೆ ಹಾಕುದು, ಮತ್ತೆ ಅವರು ನಮಗೇ ವಾಪಸ್ ಕೊಡುದು. ಇದನ್ನು ನಿಮ್ಮ ಯಂತ್ರಕ್ಕೆ ಯಾರೂ ಹೇಳಿಕೊಡ್ಲಿಲ್ವಾ?”

“ಅಂಕವಾಗದ್ದು ಯಂತ್ರಕ್ಕೆ ಅರ್ಥವಾಗುವುದಿಲ್ಲ.”

“ಹಾಗಾದ್ರೆ ಅಂಕವೇ ಮಾಡಿ. ಅವನಿಗೆ ಬೇರೆ ಕೆಲಸ ಬರುದಿಲ್ಲ. ಈ ಸಲ ಹೊರಗೆ ಹಾಕಿದ್ರೆ ಮತ್ತೆ ಯಾರು ಕರೀತಾರೆ?”

ಶರ್ಮಿಳಾ ಎರಡು ಬಾರಿ ಯೋಚಿಸಿ ‘ಸೌಜನ್ಯಾಂಕ’ವೊಂದನ್ನು ಸೇರಿಸಿದರು. ಎದುರಾಳಿ ಬಿದ್ದಾಗ ಚೆಂಡನ್ನು ಹೊರಗಟ್ಟಿದವನಿಗೆ ಇನ್ನು ಲಾಭ. ಮೆಲ್ವಿನ್ ಮೇಲೆ ಬಂದ.

ಆದರೆ ಎಲ್ಲರೂ ಮೇಲೆ ಬಂದರು. ಗಾಳಿ ತಾಗಿದರೂ ಆಟಗಾರರು ಬೀಳತೊಡಗಿದರು. “ಈಗ ನಿಮ್ಮವ ಬೀಳಲಿ, ಆಮೇಲೆ ನಾವು ಬೀಳ್ತೇವೆ” ಎಂದು ಎರಡೂ ತಂಡಗಳ ನಾಯಕರು ಆಟಕ್ಕೆ ಮೊದಲೇ ಮಾತಾಡಿಕೊಂಡರು. ಇಷ್ಟು ಸಭ್ಯವಾದ ಋತುವನ್ನು ಕಂಡೇ ಇಲ್ಲವೆಂದು ಪತ್ರಿಕೆಗಳು ಬರೆದವು. ಸರಾಸರಿ ಏರಿದಂತೆ ಕನಿಷ್ಠ ಮಟ್ಟವೂ ಏರಿತು. ನಿಜವಾಗಿ ಬಿದ್ದವರಿಗಷ್ಟೇ ಆಟ ನಿಲ್ಲಿಸುತ್ತಿದ್ದ ಮೆಲ್ವಿನ್ ಮತ್ತೆ ಅಂಚಿಗೆ ಬಂದು ನಿಂತ.

ಕೊನೆಯ ಪಂದ್ಯಕ್ಕೆ ಶರ್ಮಿಳಾ ಮೈದಾನಕ್ಕೇ ಹೋದರು. ಎದುರಾಳಿ ತಂಡದ ಅಶ್ಫಾಕ್ ಬಿದ್ದ. ಕೂಡಲೇ ಚೆಂಡು ಹೊರಗೆ ಹೋಯಿತು, ಸೌಜನ್ಯದಿಂದ ಮರಳಿ ಬಂತು. ರೆಫರಿಗೂ ಇದು ಅಭ್ಯಾಸವಾಗಿತ್ತು, ಆಟ ಮುಂದುವರಿಯಿತು. ಅಶ್ಫಾಕ್ ಮಾತ್ರ ಏಳಲಿಲ್ಲ.

“ಏಳು ಮಾರಾಯ, ಅವರಿಗೆ ಅಂಕ ಬಂತು,” ಎಂದು ಅವನ ತಂಡದವನೇ ನಗುತ್ತ ಓಡಿದ.

ಮೆಲ್ವಿನ್ ತಿರುಗಿ ನೋಡಿದ. ತನ್ನ ಜಾಗ ಬಿಟ್ಟು ಹೋಗಿ ಮಂಡಿಯೂರಿ, ಅಶ್ಫಾಕ್‌ನ ತಿರುಚಿದ ಕಾಲನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. “ಅಲುಗಾಡಬೇಡ. ಡಾಕ್ಟ್ರು ಬರುವವರೆಗೆ ನಾನು ಇಲ್ಲೇ ಇರ್ತೇನೆ.” ಅವನು ಬಿಟ್ಟುಬಂದ ಜಾಗದಿಂದಲೇ ಎದುರಾಳಿಗಳು ಗೋಲು ಹೊಡೆದರು.

ಸಂಜೆ ಪರದೆಯಲ್ಲಿ ಮೆಲ್ವಿನ್‌ನ ಹೆಸರು ಎಲ್ಲರಿಗಿಂತ ಕೆಳಗಿತ್ತು. ಕಾರಣ: ಸ್ಥಾನತ್ಯಾಗ.

ಲೋಕಯ್ಯ ಫೋನ್ ಮಾಡಿದರು. “ಅವ ಯಾಕೆ ಹೋದದ್ದು ಅಂತ ಸಂಘದ ಕಮಿಟಿಯವರಿಗೆ ನೀವೇ ಹೇಳಿ ಮೇಡಂ. ಅದಕ್ಕೂ ಒಂದು ಅಂಕ ಇಡಿ.”

ಶರ್ಮಿಳಾ ಮುಂದಿನ ಋತುವನ್ನು ಕಲ್ಪಿಸಿಕೊಂಡರು: ಬಿದ್ದವನೊಬ್ಬನ ಕಾಲು ಹಿಡಿಯಲು ಮಂಡಿಯೂರಿ ನೂಕಾಡುವ ಇಪ್ಪತ್ತೊಂದು ಮಂದಿ.

ಹೊಸ ಅಂಕ ಇಡುವ ಬದಲು ಅವರು ಮೆಲ್ವಿನ್ ಮಂಡಿಯೂರಿದ್ದ ಆ ಕೆಲವು ನಿಮಿಷಗಳ ದಾಖಲೆಯನ್ನು ಅಳಿಸಿದರು. ಮೆಲ್ವಿನ್‌ನ ಅಂಕ ಕನಿಷ್ಠ ಮಟ್ಟದ ಗೆರೆಯ ಮೇಲಕ್ಕೆ ಬಂದು ನಿಂತಿತು.

“ಎಂತ ಮಾಡಿದ್ರಿ ಮೇಡಂ? ಇಲ್ಲಿ ನಮ್ಮ ಪರದೆಯಲ್ಲೂ ಅವನ ಹೆಸರು ಮೇಲೆ ಬಂತಲ್ಲ.”

“ಬೆವರಿಗೆ ಕಾಲುಚೀಲದ ಪಟ್ಟಿ ಕೆಟ್ಟಿತ್ತು, ಕೋಚ್‌ರೆ. ಅಷ್ಟು ಹೊತ್ತಿನದು ದಾಖಲಾಗಿಲ್ಲ.”

ನಿಜ ಸಂಗತಿಯನ್ನು ಲೋಕಯ್ಯನವರಿಗೂ ಹೇಳಬಾರದು, ಮೆಲ್ವಿನ್‌ಗಂತೂ ಹೇಳಲೇಬಾರದು ಎಂದು ನಿರ್ಧರಿಸಿ ಶರ್ಮಿಳಾ ಫೋನ್ ಇಟ್ಟರು.